ಸೈಟು ನೋಡಲು ಹೋಗುತ್ತಿದ್ದ ಭಾನುವಾರಗಳು

ಐವತ್ತು ದಾಟಿದ ಮೂವರು ಬೆಂಗಳೂರಿನಲ್ಲಿ ಒಟ್ಟಿಗೆ ಕಾಫಿ ಕುಡಿಯಬೇಕೆಂದರೆ ಮೊದಲು ಕುರ್ಚಿಯಿರುವ ಹೋಟೆಲನ್ನು ಹುಡುಕಬೇಕಾಗುತ್ತದೆ. ಈ ಸತ್ಯ ನನಗೆ ಗೋಚರಿಸಿದ್ದು ಹೋದ ತಿಂಗಳು, ಬಸವೇಶ್ವರನಗರದ ಒಂದು ರಸ್ತೆಯಲ್ಲಿ. ನಿಂತು ತಿನ್ನುವ ದರ್ಶಿನಿಗಳಿಗೇನೂ ಬರವಿರಲಿಲ್ಲ. ಎದೆಯೆತ್ತರದ ಮೇಜುಗಳ ಸುತ್ತ ಯುವಜನರು ಒಂದು ಕೈಯಲ್ಲಿ ಫೋನನ್ನೂ ಇನ್ನೊಂದರಲ್ಲಿ ದೋಸೆಯನ್ನೂ ನಿಭಾಯಿಸುತ್ತಾ ಸುಖವಾಗಿಯೇ ಇದ್ದರು. ನಾವು ಮಾತ್ರ ನಮ್ಮ ಮೊಣಕಾಲುಗಳ ಅಭಿಪ್ರಾಯಕ್ಕೆ ಮನ್ನಣೆ ಕೊಟ್ಟು, ಆಸನದ ಅನ್ವೇಷಣೆಯಲ್ಲಿ ಕುರುಬರಹಳ್ಳಿಯವರೆಗೂ ನಡೆದೆವು. ಕೂರುವ ಸಲುವಾಗಿ ಅಷ್ಟು ದೂರ ನಡೆಯುವುದರಲ್ಲಿ ಏನೋ ತರ್ಕದೋಷವಿದೆ ಎಂದು ನಿಮಗೆ ಅನ್ನಿಸಬಹುದು; ನಾಗರತ್ನಳಿಗೂ ಅನ್ನಿಸಿತು, ಅವಳು ದಾರಿಯುದ್ದಕ್ಕೂ ಅದನ್ನೇ ಹೇಳುತ್ತಾ ಬಂದಳು.

ನಾಗರತ್ನ, ವಿಶ್ವನಾಥ ಮತ್ತು ನಾನು ರಾಜಾಜಿನಗರದ ಒಂದು ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಓದಿದವರು. ಹಾಗೆಂದ ಮಾತ್ರಕ್ಕೆ ಬಾಲ್ಯಸ್ನೇಹಿತರು ಎಂದು ಭಾವಿಸಬೇಡಿ. ನಮ್ಮ ಕಾಲದಲ್ಲಿ ಹುಡುಗರ ಬೆಂಚು ಮತ್ತು ಹುಡುಗಿಯರ ಬೆಂಚುಗಳ ನಡುವಿನ ಆ ಕಿರುದಾರಿ ಒಂದು ಅಂತರರಾಷ್ಟ್ರೀಯ ಗಡಿಯಾಗಿತ್ತು. ಅಷ್ಟೂ ವರ್ಷಗಳಲ್ಲಿ ವಿಶ್ವನಿಗೂ ನನಗೂ ನಡೆದ ಸಂಭಾಷಣೆಯೆಂದರೆ ‘ಡಸ್ಟರ್ ಕೊಡು’ ಎಂಬ ಒಂದೇ ವಾಕ್ಯ, ಅದನ್ನೂ ಅವನು ಗೋಡೆಯ ಕಡೆ ನೋಡಿಕೊಂಡು ಹೇಳಿದ್ದ. ನಮ್ಮ ಗೆಳೆತನವೆಲ್ಲ ಈಚೆಗೆ ವಾಟ್ಸಾಪ್ ಗುಂಪಿನಿಂದ ಆದದ್ದು. ಈಗ ವಿಶ್ವ ಒಂದು ಔಷಧಿ ಕಂಪನಿಯಲ್ಲಿ ಅಧಿಕಾರಿ, ನಾಗರತ್ನ ವಿಜಯನಗರದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ, ನಾನು ವಿಮಾ ಕಚೇರಿಯಲ್ಲಿ ಇತರರ ಆಯುಷ್ಯದ ಬಗ್ಗೆ ಆಶಾವಾದದಿಂದ ಮಾತಾಡುತ್ತೇನೆ.

ಕುರ್ಚಿ ಸಿಕ್ಕಿ, ಕಾಫಿಯೂ ಬಂದ ಮೇಲೆ, ಚಿಕ್ಕಂದಿನ ಭಾನುವಾರಗಳಲ್ಲಿ ಏನು ಮಾಡುತ್ತಿದ್ದೆವು ಎಂಬ ಮಾತು ಬಂತು. ಈಗಿನ ವೀಕೆಂಡ್ ಶುಕ್ರವಾರ ಸಂಜೆಯೇ ಆರಂಭವಾಗುತ್ತದೆ, ಅದಕ್ಕೆ ಮುಂಚಿತವಾಗಿ ಬುಕಿಂಗ್ ಬೇಕು. ನಮ್ಮದು ಅರ್ಧ ಶನಿವಾರ ಮತ್ತು ಇಡೀ ಭಾನುವಾರ, ಖರ್ಚಿಲ್ಲದೆ ತಾನಾಗಿ ಬಂದು ತಾನಾಗಿ ಹೋಗುತ್ತಿತ್ತು.

“ನಮ್ಮನೇಲಿ ಭಾನುವಾರ ಅಂದ್ರೆ ಎಣ್ಣೆಸ್ನಾನ ಕಣೇ. ಸೀಗೇಪುಡಿ ಕಣ್ಣಿಗೆ ಬಿದ್ದು ಮಧ್ಯಾಹ್ನದವರೆಗೂ ಪ್ರಪಂಚವೇ ಕೆಂಪಗೆ ಕಾಣ್ತಿತ್ತು,” ಎಂದಳು ನಾಗರತ್ನ.

ವಿಶ್ವನದು ಬಾಡಿಗೆ ಸೈಕಲ್ಲಿನ ಭಾನುವಾರ. ಗಂಟೆ ಲೆಕ್ಕದಲ್ಲಿ ಒಂದು ಪುಟ್ಟ ಸೈಕಲ್ ತಂದು, ಬೀದಿಯ ಹುಡುಗರೆಲ್ಲ ಸರದಿಯ ಮೇಲೆ ತುಳಿಯುವುದು, ಉಳಿದವರು ಹಿಂದೆ ಓಡುವುದು. “ನನ್ನ ಪಾಲಿಗೆ ಓಡೋದೇ ಜಾಸ್ತಿ ಬರ್ತಿತ್ತು. ಈಗಲೂ ನಂಗೆ ಸೈಕಲ್ ಸರಿಯಾಗಿ ಬರಲ್ಲ, ಓಟ ಚೆನ್ನಾಗಿ ಬರುತ್ತೆ, ಮೊಣಕಾಲು ಒಪ್ಪಿದ್ರೆ,” ಎಂದು ಅವನು ನಕ್ಕ.

ನನ್ನ ಸರದಿ ಬಂದಾಗ, “ನಾವು ಸೈಟು ನೋಡೋಕೆ ಹೋಗ್ತಿದ್ವಿ,” ಎಂದೆ. ಇಬ್ಬರೂ ಒಟ್ಟಿಗೆ “ಓಹೋ!” ಎಂದರು.

ಸೈಟು ನೋಡುವುದು ಎಂದರೇನು ಎಂಬುದನ್ನು ಇಂದಿನ ಮಕ್ಕಳಿಗೆ ವಿವರಿಸುವುದು ಕಷ್ಟ, ಏಕೆಂದರೆ ಅಲ್ಲಿ ನೋಡುವುದಕ್ಕೆ ಏನೂ ಇರುತ್ತಿರಲಿಲ್ಲ. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಮಣ್ಣು. ನಾಲ್ಕು ಮೂಲೆಗೆ ನಾಲ್ಕು ಕಲ್ಲು. ನಡುವೆ ಒಂದಿಷ್ಟು ಪಾರ್ಥೇನಿಯಂ ಗಿಡ. ಆದರೂ ಬಡಾವಣೆಯಲ್ಲಿ ಸೈಟು ಸಿಕ್ಕಿದ ಗೃಹಸ್ಥರು, ವಾರಕ್ಕೊಮ್ಮೆ ಹೋಗಿ ಮುಖ ತೋರಿಸದಿದ್ದರೆ ಅದು ಮುನಿಸಿಕೊಂಡು ಎದ್ದು ಹೋಗುತ್ತದೆಂಬಂತೆ ಭಾನುವಾರ ಸಪರಿವಾರರಾಗಿ ಹೊರಡುತ್ತಿದ್ದರು. ಯಾರಾದರೂ ಬೇಲಿ ಹಾಕಿಕೊಂಡುಬಿಟ್ಟರೆ ಎಂಬ ಭಯ ಒಂದು ಕಡೆ. ಇನ್ನೊಂದು ಕಡೆ, ಜೀವನದಲ್ಲಿ ಮೊದಲ ಬಾರಿಗೆ ಭೂಮಿಯ ಮೇಲೆ ನಿಂತು ‘ಇದು ನನ್ನದು’ ಎಂದುಕೊಳ್ಳುವ ಸಂತೋಷ. ಆ ಸಂತೋಷಕ್ಕಾಗಿ ಮನುಷ್ಯರು ಬಿಸಿಲಿನಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲರು ಎಂಬುದಕ್ಕೆ ನಮ್ಮಪ್ಪನೇ ಪ್ರಮಾಣ.

ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು, ದೇವರನ್ನು ನಂಬದವರು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವರು. ಅವರಿಗೆ ನಾಗರಬಾವಿಯ ಕಡೆ ಸೈಟು ಸಿಕ್ಕಿತ್ತು. ಭಾನುವಾರ ಬೆಳಗಾಗುತ್ತಲೇ ಸ್ಕೂಟರಿನ ಮುಂದೆ ತಮ್ಮ ಮುರಳಿ ನಿಲ್ಲುತ್ತಿದ್ದ, ಹಿಂದೆ ಅಮ್ಮ ಚಿತ್ರಾನ್ನದ ಡಬ್ಬಿಯೊಂದಿಗೆ, ಅಪ್ಪನಿಗೂ ಅಮ್ಮನಿಗೂ ನಡುವೆ ನಾನು, ನನ್ನ ತೊಡೆಯ ಮೇಲೆ ಗುದ್ದಲಿ. ವಿಜಯನಗರ ದಾಟಿದ ಮೇಲೆ ಊರೇ ಮುಗಿದು, ಬರೀ ಕಲ್ಲು ನೆಟ್ಟ ಬಯಲು ಶುರುವಾಗುತ್ತಿತ್ತು. ಅಲ್ಲಿ ಎಲ್ಲ ಸೈಟುಗಳೂ ಒಂದೇ ಥರ, ಎಲ್ಲ ಅಡ್ಡರಸ್ತೆಗಳೂ ಒಂದೇ ಥರ. ಕಲ್ಲಿನ ಮೇಲಿನ ನಂಬರುಗಳು ಒಂದು ಮಳೆಗೇ ಅಳಿಸಿಹೋಗಿದ್ದವು. ಅಪ್ಪ ಮಾತ್ರ ಸೈಟು ವಶಕ್ಕೆ ತೆಗೆದುಕೊಂಡ ದಿನವೇ ಗುರುತು ಇಟ್ಟುಕೊಂಡಿದ್ದರು: ರಸ್ತೆಯ ಕೊನೆಯ ಲೈಟ್ ಕಂಬದ ಎದುರಿನದು ನಮ್ಮದು.

ಅಪ್ಪ ಅಲ್ಲಿ ಕಳೆ ಕೀಳುತ್ತಿದ್ದರು, ಹಳ್ಳ ಮುಚ್ಚುತ್ತಿದ್ದರು, ನಾಲ್ಕು ಮೂಲೆಯ ಕಲ್ಲುಗಳಿಗೆ ಸುಣ್ಣ ಬಳಿಯುತ್ತಿದ್ದರು. ಕಚೇರಿಯಲ್ಲಿ ಆ ಶ್ರದ್ಧೆಯ ಕಾಲುಭಾಗ ತೋರಿಸಿದ್ದರೂ ಬಡ್ತಿ ಸಿಗುತ್ತಿತ್ತು ಎಂಬುದು ಅಮ್ಮನ ಟೀಕೆ. ಮುರಳಿ ಮತ್ತು ನಾನು ಬೆಣಚುಕಲ್ಲು ಆರಿಸಿ ತಂದು, ಸಾಲಾಗಿ ಜೋಡಿಸಿ, ನೆಲದ ಮೇಲೆ ಮನೆ ಕಟ್ಟುತ್ತಿದ್ದೆವು. ನಿಜವಾದ ಅಳತೆಯ ಮನೆ: ಇದು ಹಾಲು, ಇದು ಮಲಗುವ ಕೋಣೆ. ಅಡಿಗೆಮನೆಗೆ ನಾನು ಎರಡು ಬಾಗಿಲು ಇಟ್ಟಿದ್ದೆ, ಒಂದು ಒಳಗೆ ಬರುವುದಕ್ಕೆ, ಇನ್ನೊಂದು ಅಮ್ಮ ಬೈದಾಗ ಓಡಿಹೋಗುವುದಕ್ಕೆ. ಬಚ್ಚಲುಮನೆಯನ್ನು ಬೀದಿಬಾಗಿಲಿನ ಪಕ್ಕದಲ್ಲೇ ಇಟ್ಟೆವು, ಆಡಿ ಬಂದ ಕೂಡಲೇ ಕಾಲು ತೊಳೆಯಬೇಕಲ್ಲ. ಮುರಳಿ ಹಟ ಹಿಡಿದು ನಡುಮಧ್ಯದಲ್ಲಿ ಕಣ್ಣಾಮುಚ್ಚಾಲೆಗೆಂದೇ ಒಂದು ಕೋಣೆ ಮಾಡಿಸಿದ. ಅವನೊಬ್ಬ ನಿಂತರೆ ತುಂಬಿಹೋಗುವಷ್ಟು ಅಗಲ, ಕಿಟಕಿ ಇಲ್ಲ. ಪ್ರತಿವಾರ ಹೋದಾಗ ನಮ್ಮ ಕಲ್ಲುಗಳು ಇಟ್ಟ ಹಾಗೇ ಇರುತ್ತಿದ್ದವು. ಅದು ನಮಗೆ ಆಶ್ಚರ್ಯವೆಂದೇ ಅನ್ನಿಸಲಿಲ್ಲ, ನಮ್ಮ ಮನೆ ನಮ್ಮದಲ್ಲದೆ ಇನ್ನಾರದು?

ಒಂದು ಭಾನುವಾರ ಹೋಗಿ ನೋಡಿದರೆ ಮೂಲೆಯ ಕಲ್ಲಿನ ಮೇಲೆ ವಿಭೂತಿ, ಕುಂಕುಮ, ಕೊಯ್ದ ನಿಂಬೆಹಣ್ಣು, ಮತ್ತು ತೆಂಗಿನಕಾಯಿಯ ಒಂದು ಹೋಳು. ಅಮ್ಮ ಕಿರುಚಿದಳು. “ರೀ, ಯಾರೋ ಮಾಟ ಮಾಡ್ಸಿದಾರೆ! ನಡೀರಿ ಮನೆಗೆ!” ಅಂದಿನಿಂದ ಅಮ್ಮ ಸೈಟಿನ ಕಡೆ ತಲೆಹಾಕಲಿಲ್ಲ. ಮುಂದಿನ ಭಾನುವಾರವೂ ಹಾಗೇ ಪೂಜೆಯಾಗಿತ್ತು, ಅದರ ಮುಂದಿನ ಭಾನುವಾರವೂ. ನಾಸ್ತಿಕರಾದ ಅಪ್ಪ ಆ ಹೋಳನ್ನು ಕೈಗೆತ್ತಿಕೊಂಡು ಮೂಸಿ ನೋಡಿ, “ಮಾಟ ಮಾಡೋರು ಯಾರೋ ಒಳ್ಳೇ ಬಲಿತ ಕಾಯಿ ತರ್ತಾರೆ,” ಎಂದರು. ಮರುವಾರದಿಂದ ಅವರ ಜೇಬಿನಲ್ಲಿ ಬೆಲ್ಲದ ಪೊಟ್ಟಣವೂ ಬರತೊಡಗಿತು. ಕಾಗೆಗಳಿಗಿಂತ ಮುಂಚೆ ತಲುಪಬೇಕೆಂದು ನಾವು ಭಾನುವಾರ ಇನ್ನೂ ಬೇಗ ಹೊರಡುತ್ತಿದ್ದೆವು. ಅಮ್ಮನಿಗೆ ಹೇಳಕೂಡದೆಂಬ ಒಪ್ಪಂದದ ಮೇಲೆ ಮೂವರೂ ಕೂತು ಬೆಲ್ಲ ಕಚ್ಚಿಕೊಂಡು ಮಾಟವನ್ನು ತಿಂದು ಮುಗಿಸುತ್ತಿದ್ದೆವು.

ಅಪ್ಪನ ನೆಮ್ಮದಿಗೆ ಭಂಗ ತರುತ್ತಿದ್ದುದು ಒಂದೇ ಒಂದು. ನಮ್ಮ ಸೈಟಿನ ಸ್ವಲ್ಪ ಈಚೆಗೆ ಇನ್ನೊಂದು ಸೈಟಿತ್ತು: ಆಳೆತ್ತರದ ಮುಳ್ಳುಪೊದೆ, ಎಕ್ಕದ ಗಿಡ, ಹಾವಿನ ಪೊರೆ. ಅದನ್ನು ಕಂಡರೆ ಅಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. “ಯಾವ ಬೇಜವಾಬ್ದಾರಿ ಮನುಷ್ಯನದೋ ಇದು! ಇಂಥೋರಿಗೆಲ್ಲ ಸೈಟು ಕೊಡ್ತಾರೆ ನೋಡು,” ಎಂದು ಬೈದು, ನಮ್ಮ ಸೈಟಿನಲ್ಲಿ ಕಿತ್ತ ಕಳೆಯನ್ನೆಲ್ಲ ಹೊತ್ತುಕೊಂಡು ಹೋಗಿ, ದಂಡನೆಯ ರೂಪದಲ್ಲಿ ಅಲ್ಲಿ ಸುರಿದು ಬರುತ್ತಿದ್ದರು.

ನೀವು ಈಗಾಗಲೇ ಊಹಿಸಿದ್ದೀರಿ. ನಾವು ಊಹಿಸಿರಲಿಲ್ಲ. ಮನೆ ಕಟ್ಟಲು ಸಾಲದ ಏರ್ಪಾಡಾಗಿ, ಅಳತೆ ಮಾಡಲು ಸರ್ವೆಯವರು ನಕ್ಷೆ ಹಿಡಿದು ಬಂದರು. ಅಪ್ಪ ಹೆಮ್ಮೆಯಿಂದ ಸುಣ್ಣದ ಕಲ್ಲುಗಳ ನಡುವೆ ನಿಂತಿದ್ದರು. ಸರ್ವೆಯವರು ನಕ್ಷೆ ನೋಡಿದರು, ರಸ್ತೆ ನೋಡಿದರು, ಟೇಪು ಎಳೆದುಕೊಂಡು ನೇರವಾಗಿ ಮುಳ್ಳುಪೊದೆಯ ಬಳಿ ಹೋಗಿ ನಿಂತು, “ಸಾರ್, ಇದು ನಿಮ್ದು,” ಎಂದರು. ಆಗಿದ್ದಿಷ್ಟೇ: ಅಪ್ಪ ಗುರುತು ಇಟ್ಟುಕೊಂಡ ದಿನಕ್ಕೂ ನಾವು ಹೋದ ಮೊದಲ ಭಾನುವಾರಕ್ಕೂ ನಡುವೆ ಆ ರಸ್ತೆಯಲ್ಲಿ ಇನ್ನೊಂದು ಕಂಬ ನೆಟ್ಟಿದ್ದರು. ಕೊನೆಯ ಕಂಬ ಕೊನೆಯದಾಗಿ ಉಳಿದಿರಲಿಲ್ಲ. ವರ್ಷಗಟ್ಟಲೆ ಅಪ್ಪ ಅನ್ಯರ ನೆಲವನ್ನು ಹಸನು ಮಾಡಿ, ಕಸವನ್ನು ಸ್ವಂತ ಸೈಟಿಗೆ ಸುರಿದು, ಅದರ ಬೇಜವಾಬ್ದಾರಿ ಮಾಲೀಕನನ್ನು ಮನಸಾರೆ ಬೈದಿದ್ದರು.

ಮುರಳಿಗೂ ನನಗೂ ನಗು ತಡೆಯಲಾಗಲಿಲ್ಲ. ಆದರೆ ಅಪ್ಪನ ಮುಖ ನೋಡಿ ನಗು ತಾನಾಗಿ ನಿಂತಿತು. ಅವರು ಸ್ಕೂಟರ್ ಹತ್ತುವ ಮುಂಚೆ, “ಈ ವಿಷಯ ನಮ್ಮ ಮನೆ ದಾಟಬಾರದು,” ಎಂದಷ್ಟೇ ಹೇಳಿದರು. ಕೆಲವೇ ದಿನಗಳಲ್ಲಿ ತಮ್ಮ ಆ ಮುಳ್ಳುಪೊದೆಯ ಸೈಟನ್ನು ಮಾರಿ, ಬಸವೇಶ್ವರನಗರದಲ್ಲಿ ಯಾರೋ ಕಟ್ಟಿ ವಾಸವಿದ್ದ ಹಳೆಯ ಮನೆಯೊಂದನ್ನು ಕೊಂಡರು. ನಾಗರಬಾವಿಯ ಕಡೆ ನೆಂಟರ ಮದುವೆಯಾದರೂ ಅಪ್ಪ ಹೋಗುತ್ತಿರಲಿಲ್ಲ. ಭಾನುವಾರ ಬಂತೆಂದರೆ ಪೇಪರು ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಅವರು ತೀರಿಕೊಂಡು ವರ್ಷಗಳಾದವು. ಕೊನೆಯವರೆಗೂ ಆ ಸೈಟಿನ ಮಾತನ್ನು ಎತ್ತಲೇ ಇಲ್ಲ. ಕೋಪಿಷ್ಠನಾದ ಮನುಷ್ಯ ಅಷ್ಟು ಮೌನವಾಗಿಬಿಟ್ಟದ್ದು ನನಗೆ ಇಂದಿಗೂ ಸಂಕಟದ ವಿಷಯ.

ಹೋಟೆಲಿಗೆ ಹಿಂತಿರುಗೋಣ. ನಾನು ಇದೆಲ್ಲವನ್ನೂ ಹೇಳಿರಲಿಲ್ಲ, ‘ನಾಗರಬಾವೀಲಿ ಒಂದು ಸೈಟಿತ್ತು’ ಎಂದು ಮಾತ್ರ ಹೇಳಿದ್ದೆ. ವಿಶ್ವ ಉತ್ಸಾಹದಿಂದ ಕುರ್ಚಿ ಹತ್ತಿರ ಎಳೆದುಕೊಂಡ.

“ನಮ್ದೂ ಅಲ್ಲೇ ಅಲ್ವೇನೇ! ಈಗ ನಾವಿರೋ ಮನೇನೇ ಅದು. ನಾವು ಶನಿವಾರ ಸಾಯಂಕಾಲ ಹೋಗ್ತಿದ್ವಿ, ಅಪ್ಪಂಗೆ ಅರ್ಧ ದಿನ ರಜ ಅಂತ. ಒಂದು ಪವಾಡ ಹೇಳ್ತೀನಿ ಕೇಳು, ನಗಬಾರದು.”

ವಿಶ್ವನವರು ದಾವಣಗೆರೆ ಕಡೆಯವರು. ಅವರು ಸೈಟಿಗೆ ಹೋದಾಗಲೆಲ್ಲ ಅದು ತಾನಾಗಿ ಸ್ವಚ್ಛವಾಗಿರುತ್ತಿತ್ತಂತೆ. ಸುತ್ತಲೂ ಕಾಡು, ಅವರದೊಂದು ಮಾತ್ರ ಬೋಳು, ಮೂಲೆಗಲ್ಲುಗಳಿಗೆ ಹೊಸ ಸುಣ್ಣ. ಅವನ ತಂದೆ ಇದು ಸರ್ಕಾರದ ಕಾರ್ಯದಕ್ಷತೆ ಎಂದು ನಂಬಿ ಊರಿನವರ ಮುಂದೆಲ್ಲ ಹೊಗಳಿದರು. ಅವನ ತಾಯಿಗೆ ಸರ್ಕಾರದ ಮೇಲೆ ಅಷ್ಟು ಭಕ್ತಿ ಇರಲಿಲ್ಲ. ಮನೆದೇವರು ವೀರಭದ್ರಸ್ವಾಮಿಯೇ ಬಂದು ಸೇವೆ ಮಾಡಿ ಹೋಗುತ್ತಿದ್ದಾನೆ ಎಂದರು. ಅದಕ್ಕೇ ಪ್ರತಿ ಶನಿವಾರ ಕಲ್ಲಿಗೆ ಪೂಜೆ ಮಾಡಿ, ಕಾಯಿ ಒಡೆದು, ಒಂದು ಹೋಳನ್ನು ಸ್ವಾಮಿಗೆಂದು ಬಿಟ್ಟು ಬರುತ್ತಿದ್ದರು. “ಮಾರನೇ ವಾರ ಹೋದ್ರೆ ಬರೀ ಚಿಪ್ಪು ಕಣೇ! ಕೆರೆದು ತಿಂದ ಹಾಗೆ!” ಎಂದ ವಿಶ್ವ.

ನನ್ನ ಗಂಟಲಿನಲ್ಲಿದ್ದ ಕಾಫಿ ಬೇರೆ ದಾರಿ ಹಿಡಿಯಿತು. ನಾಗರತ್ನ ನೆತ್ತಿಗೆ ತಟ್ಟಿದಳು. ವಿಶ್ವ ಮುಂದುವರಿಸಿದ.

“ಅಷ್ಟೇ ಅಲ್ಲ. ನೆಲದ ಮೇಲೆ ಕಲ್ಲಲ್ಲಿ ಮನೆ ಪ್ಲಾನು ಬಿದ್ದಿತ್ತು. ಸ್ವಾಮಿ ಹಾಕಿಕೊಟ್ಟಿದ್ದು ಅಂತ ಅಮ್ಮ ಅದೇ ಪ್ರಕಾರ ಕಟ್ಟಿಸಿದ್ರು. ನನ್ನ ಕಷ್ಟ ಯಾರಿಗೆ ಹೇಳ್ಲಿ? ಬಾಗಿಲು ತೆಗೆದ್ರೆ ಬಾತ್‌ರೂಮು. ಅಡಿಗೆಮನೆಗೆ ಎರಡು ಬಾಗಿಲು, ಒಂದರಿಂದ ಬೆಕ್ಕು ಓಡಿಸಿದ್ರೆ ಇನ್ನೊಂದರಿಂದ ಬಂದಿರುತ್ತೆ. ನಡುಮಧ್ಯ ಒಂದು ಗೂಡು, ಕಿಟಕಿ ಇಲ್ಲ, ಒಬ್ಬರು ನಿಂತ್ರೆ ಇನ್ನೊಬ್ಬರಿಗೆ ಜಾಗ ಇಲ್ಲ. ಅದನ್ನ ದೇವರಮನೆ ಮಾಡಿದಾರೆ. ಆರತಿ ಮಾಡೋರು ಒಳಗೆ, ನೋಡೋರು ಹಾಲಲ್ಲಿ. ಬಿಲ್ಡರ್ ಒಬ್ಬ ಬಂದಿದಾನೆ, ಕೆಡವಿ ಹೊಸದಾಗಿ ಕಟ್ಟಿಕೊಡ್ತೀನಿ ಅಂತ. ಲಿಫ್ಟು, ಪಾರ್ಕಿಂಗು ಎಲ್ಲ ಆಗುತ್ತೆ. ನಾನು ಮಲಗೋದು ಮಹಡೀಲಿ, ಮೊಣಕಾಲು ಕೇಳಲ್ಲ. ಅಮ್ಮ ಸೈನ್ ಹಾಕಲ್ಲ. ಸ್ವಾಮಿ ಪ್ಲಾನು ಮುಟ್ಟಬಾರದು ಅಂತಾರೆ.”

ಆ ಕ್ಷಣದಲ್ಲಿ ಗಂಭೀರವಾಗಿರುವುದು ನನ್ನ ಶಕ್ತಿಗೆ ಮೀರಿದ್ದಾಗಿತ್ತು. ಮೇಜಿನ ಮೇಲೆ ತಲೆಯಿಟ್ಟು ನಕ್ಕೆ. ಕಣ್ಣೊರೆಸಿಕೊಂಡು ಎಲ್ಲವನ್ನೂ ಹೇಳಿದೆ: ಕಂಬ, ಗುದ್ದಲಿ, ಬೆಲ್ಲ, ಮುರಳಿಯ ಕೋಣೆ. ಅಪ್ಪ ಹಾಕಿದ ಬೀಗ ಅಷ್ಟು ವರ್ಷಗಳ ಬಳಿಕ ಒಂದು ನಗುವಿಗೆ ತೆರೆದುಕೊಂಡಿತು. ನಾಗರತ್ನ ನಗುತ್ತಾ ಕುರ್ಚಿಯಿಂದ ಜಾರಿದಳು. ವಿಶ್ವ ಮಾತ್ರ ನಗಲಿಲ್ಲ. ಕಾಫಿ ಲೋಟ ಸರಿಸಿ ಎದ್ದು ನಿಂತ.

“ಏಳು ಇಂದಿರಾ. ಈಗ್ಲೇ ಬಾ. ಅಮ್ಮನ ಮುಂದೆ ಇದನ್ನ ಹೀಗೇ ಹೇಳು.”

ಆಟೋ ನಾಗರಬಾವಿಯ ಕಡೆ ಹೊರಟ ಮೇಲೆ ನನಗೆ ಬುದ್ಧಿ ಬಂತು. ನಾನು ಹೋಗುತ್ತಿರುವುದು ಒಬ್ಬ ವೃದ್ಧೆಯ ದೇವರನ್ನು ಕಿತ್ತುಹಾಕುವುದಕ್ಕೆ. ದೇವರು ಹೋದರೆ ಮನೆ ಹೋಗುತ್ತದೆ, ಅವರು ಎಷ್ಟೋ ವರ್ಷದಿಂದ ಎದ್ದು ಕೂತು ಓಡಾಡಿದ ಮನೆ. ಲಿಫ್ಟು ಬೇಕೆನ್ನುವ ವಿಶ್ವನದೂ ತಪ್ಪಲ್ಲ, ಅವನ ಮೊಣಕಾಲಿನ ಪರಿಚಯ ನನಗಿದೆ. ಇಬ್ಬರ ನಡುವೆ ನನ್ನ ನಾಲಗೆ ಸಿಕ್ಕಿಕೊಂಡಿತ್ತು. ನಾಗರತ್ನಳನ್ನು ನೋಡಿದೆ. “ನಂಗೇನೂ ಗೊತ್ತಿಲ್ಲಪ್ಪ, ನಾನು ಎಣ್ಣೆಸ್ನಾನದ ಪಾರ್ಟಿ,” ಎಂದಳು.

‘ವೀರಭದ್ರ ಕೃಪ’ ಎಂದು ಬೋರ್ಡಿದ್ದ ಆ ಮನೆಯ ಬಾಗಿಲು ದಾಟಿದವಳು ಅಲ್ಲೇ ನಿಂತುಬಿಟ್ಟೆ. ಬಲಕ್ಕೆ ಬಚ್ಚಲು. ಮುಂದೆ ಹಾಲು. ಎಡಕ್ಕೆ ತಿರುಗಿದರೆ ಮಲಗುವ ಕೋಣೆ ಇರಬೇಕು, ಇತ್ತು. ನಾನು ಎಂದೂ ಕಾಲಿಟ್ಟಿರದ ಮನೆಯಲ್ಲಿ ಯಾರನ್ನೂ ಕೇಳದೆ ನಡೆಯಬಲ್ಲವಳಾಗಿದ್ದೆ. ಮುರಳಿಯೂ ನಾನೂ ಕಾಲ್ಬೆರಳಿನಿಂದ ಜರುಗಿಸಿ ಇಟ್ಟ ಕಲ್ಲುಗಳು ಸೀಲಿಂಗಿನವರೆಗೆ ಬೆಳೆದು ನಿಂತಿದ್ದವು. ಇಂಥ ಕೆಟ್ಟ ವಿನ್ಯಾಸವನ್ನು ನಾನು ಬೇರೆಲ್ಲೂ ಕಂಡಿಲ್ಲ, ಅಷ್ಟು ಇಷ್ಟವಾದ ಮನೆಯನ್ನೂ ಕಂಡಿಲ್ಲ.

ವಿಶ್ವನ ತಾಯಿ ಹಣೆತುಂಬ ವಿಭೂತಿ ಧರಿಸಿ ಹಾಲಿನಲ್ಲಿ ಕೂತಿದ್ದರು. “ಬಾರವ್ವಾ, ಕುಂತ್ಕ,” ಎಂದರು. ವಿಶ್ವ ಪೀಠಿಕೆ ಹಾಕಿ ನನ್ನನ್ನು ಮುಂದೆ ತಳ್ಳಿದ. ನಾನು ತಲೆತಗ್ಗಿಸಿಕೊಂಡು, ಆದಷ್ಟು ಮೆತ್ತಗೆ, ಎಲ್ಲವನ್ನೂ ಹೇಳಿದೆ. ಅವರು ಕಣ್ಣು ಮಿಟುಕಿಸದೆ ಕೇಳಿದರು.

“ಕಾಯಿ ಏನ್ ಮಾಡಿದ್ರಿ?” ಎಂದು ಕೇಳಿದರು.

“ತಿಂದ್ವಿ ಅಮ್ಮ. ಬೆಲ್ಲದ ಜೊತೆ.”

“ಬೆಲ್ಲ ತಂದಿದ್ರಾ? ಹಂಗಾದ್ರೆ ಸರಿ ಬಿಡು. ಬರೇ ಕಾಯಿ ತಿಂದ್ರೆ ಹುಡುಗ್ರಿಗೆ ಹೊಟ್ಟಿ ನೋಯ್ತತಿ.” ಮತ್ತೆ ಸ್ವಲ್ಪ ಯೋಚಿಸಿ, “ನಿಮ್ಮಪ್ಪಾರು ಈ ಮನಿ ನೋಡಿದ್ರಾ?” ಎಂದರು.

“ಇಲ್ಲಮ್ಮ. ಆಮೇಲೆ ಈ ಕಡೆ ಬರಲೇ ಇಲ್ಲ. ನಾಚಿಕೆ ಅವರಿಗೆ.”

“ನಾಚ್ಕಿ ಎದಕ್ಕ? ಕಳವು ಮಾಡಿದ್ರಾ? ಕಳೆ ಕಿತ್ತಿದ್ರು!”

ಆ ಮಾತಿಗೆ ನನಗೆ ಅಳು ಬಂತು. ಅಪ್ಪನ ಮೌನವನ್ನು ಮುರಿಯಲು ಇಷ್ಟು ಸರಳವಾದ ಒಂದು ವಾಕ್ಯ ನಮಗಾರಿಗೂ ಹೊಳೆದಿರಲಿಲ್ಲವಲ್ಲ ಎಂದು ಅತ್ತೆ. ಅದನ್ನು ಹೇಳಬಲ್ಲವರು ನಮ್ಮ ಕಂಬದ ಎದುರಿಗೇ ಇದ್ದರು. ಅವರು ಶನಿವಾರ ಬಂದು ಹೋಗುತ್ತಿದ್ದರು, ನಾವು ಭಾನುವಾರ. ಅವರು ಸೆರಗಿನಿಂದಲೇ ನನ್ನ ಮುಖ ಒರೆಸಿದರು.

ವಿಶ್ವ ಸಮಯ ನೋಡಿ, ಮೆಲ್ಲಗೆ, “ಅದಕ್ಕೇ ಅಮ್ಮ, ಸ್ವಾಮಿ ಪ್ಲಾನಲ್ಲ ಅಂತ ಗೊತ್ತಾಯ್ತಲ್ಲ. ಬಿಲ್ಡರಿಗೆ ಹೂಂ ಅನ್ನೋಣ್ವಾ?” ಎಂದ.

“ವೀರಭದ್ರಂದು ಅಂತ ತಿಳ್ಕಂಡಿದ್ದೆ ಕಣೋ. ಅವನಿಗೇನು, ಊರೂರಿಗೆ ಗುಡಿ ಅದಾವು, ಇದೊಂದು ಹೋದ್ರೆ ಬ್ಯಾಸರ ಮಾಡ್ಕಳಲ್ಲ. ನೀನೂ ದಿನಾ ಕಾಲು ಹಿಡ್ಕಂಡು ನರಳ್ತಿ, ಈ ಶ್ರಾವಣ ಕಳೀಲಿ, ಸೈನು ಹಾಕಾನ ಅಂತ ಮನಸು ಮಾಡಿದ್ದೆ.” ಅವರು ನನ್ನ ಕಡೆ ಕೈ ತೋರಿಸಿದರು. “ಆದ್ರ ಆಡೋ ಹುಡುಗ್ರು ಕಟ್ಟಿದ ಮನೀನ ಯಾರಾದ್ರೂ ಕೆಡವ್ತಾರೇನು?”

ವಿಶ್ವ ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ. ಡಸ್ಟರ್ ಕೇಳಿದ ದಿನದಂತೆ ಅವನು ಮತ್ತೆ ಗೋಡೆಯ ಕಡೆ ತಿರುಗಿ ನಿಂತ. ನಾಗರತ್ನ ಬಾತ್‌ರೂಮಿಗೆ ಹೋಗುವ ನೆಪದಲ್ಲಿ ನಗುವುದಕ್ಕೆ ಎದ್ದಳು. ಅದು ಬೀದಿಬಾಗಿಲಿನ ಪಕ್ಕದಲ್ಲೇ ಇದ್ದುದರಿಂದ ನಗು ರಸ್ತೆಗೂ ಕೇಳಿಸಿತು. ವಿಶ್ವ ಈಗ ನನ್ನೊಡನೆ ಮಾತಾಡುತ್ತಾನೆ, ಆದರೆ ಮಹಡಿಯ ಮೆಟ್ಟಿಲು ಹತ್ತುವಾಗಲೆಲ್ಲ ಫೋನು ಮಾಡಿ ಒಮ್ಮೆ ನರಳಿ ಇಡುತ್ತಾನೆ.

ರಾತ್ರಿ ಮುರಳಿಗೆ ಫೋನು ಮಾಡಿದೆ. ಅವನು ಕೆಂಗೇರಿಯಲ್ಲಿದ್ದಾನೆ, ಬ್ಯಾಂಕಿನಲ್ಲಿ ಮ್ಯಾನೇಜರು, ಕಣ್ಣಾಮುಚ್ಚಾಲೆಯ ಗಾತ್ರವನ್ನು ಎಂದೋ ಮೀರಿದವನು. ಎಲ್ಲವನ್ನೂ ಕೇಳಿಸಿಕೊಂಡ.

“ನನ್ನ ರೂಮಿಗೆ ಕಿಟಕಿ ಇಟ್ಟಿಲ್ಲ ತಾನೇ ಅಕ್ಕ?”

“ಇಲ್ಲ ಕಣೋ.”

“ಸದ್ಯ. ಕಿಟಕಿ ಇದ್ರೆ ಕಂಡುಹಿಡಿದುಬಿಡ್ತಾರೆ,” ಎಂದ.

ನಮ್ಮ ಬಡಾವಣೆಗಳಲ್ಲಿ ಜನ ತಮ್ಮ ಮನೆಯ ಗೋಡೆ ತಟ್ಟಿ, ‘ಇದು ನಮ್ಮಪ್ಪ ಕಟ್ಟಿಸಿದ್ದು’ ಎಂದು ಹೇಳಿಕೊಳ್ಳುವುದುಂಟು. ಆ ಮಾತು ಬಂದಾಗಲೆಲ್ಲ ನಾನು ಇಷ್ಟು ದಿನ ಕಾಫಿ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಇನ್ನು ಕೂತೇ ಇರುತ್ತೇನೆ. ನಮ್ಮಪ್ಪನೂ ನಾಗರಬಾವಿಯಲ್ಲಿ ಒಂದು ಮನೆ ಕಟ್ಟಿಸಿದ್ದಾರೆ. ಅದರಲ್ಲಿ ಬೇರೆಯವರು ವಾಸವಾಗಿದ್ದಾರೆ, ಅಷ್ಟೆ.